ನೂರು ಮೀಟರಿನ ಲೆಕ್ಕ



ಶಾಲೆ, ಗುಡಿ, ಆಸ್ಪತ್ರೆಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂದು ಕರ್ನಾಟಕದ 1967ರ ಅಬಕಾರಿ ನಿಯಮ ಹೇಳುತ್ತದೆ. ಆ ದೂರವನ್ನು ನೇರಗೆರೆಯಲ್ಲಿ ಅಳೆಯುವುದಿಲ್ಲ. ಜನ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ ಅಳೆಯಬೇಕು.

ಸೇವೆಯಲ್ಲಿದ್ದಾಗ ಒಂದೂರಿಗೆ ಇಂಥ ಅಳತೆಗೆ ಹೋಗಿದ್ದೆ. ಶಾಲೆಯ ಹಿಂಬಾಗಿಲಿಗೆ ಅಂದು ಬೀಗ ಬಿದ್ದಿತ್ತು. ಮುಂಬಾಗಿಲಿನಿಂದ ಅಳೆದೆವು, 100 ದಾಟಿತು. ಮಕ್ಕಳು ಓಡಾಡುವುದು ಹಿಂಬಾಗಿಲಿನಿಂದಲೇ ಎಂದು ಗೊತ್ತಿದ್ದೂ ಸಹಿ ಮಾಡಿದೆ. ಟೇಪು ಸುತ್ತುವಾಗ ತಾಯಿಯೊಬ್ಬರು, "ಸಾಹೇಬ್ರ, ನಾಳೆ ಬೀಗ ತಗದ ಮ್ಯಾಲೆ ಮತ್ತ ಅಳೀತೀರೇನ್ರಿ?" ಎಂದರು. ಉತ್ತರಿಸದೆ ಜೀಪು ಹತ್ತಿದೆ. ಸತ್ಯಶುದ್ಧವಾದದ್ದು ಕಾಯಕ. ಅಂದು ನಾನು ಮಾಡಿದ್ದು ಬರೀ ಸಂಬಳದ ಕೆಲಸ.

ನಿಯಮ ಬೇಕು. 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತದ್ದು ಸರ್ಕಾರದ ಆದೇಶದಿಂದಲೇ. ಆದರೆ ಕುಡಿಯುವವರು ಪ್ಯಾಕೆಟ್ಟು ಬಿಟ್ಟು ಬಾಟಲಿ ಹಿಡಿದರು. ಅಬಕಾರಿ ವರಮಾನವನ್ನು ನೆಚ್ಚಿದ ಸರ್ಕಾರವೊಂದರಿಂದಲೇ ಕುಡಿತ ಬಿಡಿಸಲಾಗದು. ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಹೋಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನ.

ಜೋಳಿಗೆಯನ್ನೂ ಹಿಡಿಯೋಣ, ಟೇಪನ್ನೂ ಹಿಡಿಯೋಣ. ನಿಮ್ಮೂರಿಗೆ ಅಳತೆಗೆ ಬಂದವರಿಗೆ ಮಕ್ಕಳು ನಡೆಯುವ ದಾರಿಯನ್ನು ನಿಂತು ತೋರಿಸಿರಿ. ಜಿಲ್ಲಾಧಿಕಾರಿಗಳಿಗೆ ಆಕ್ಷೇಪಣೆ ಬರೆದು ಕೊಡಿರಿ. ಅಂದು ಆ ತಾಯಿ ಒಬ್ಬರೇ ಇದ್ದರು. ಜೊತೆಗೆ ನಾಲ್ಕು ಜನ ನಿಂತಿದ್ದರೆ ನನ್ನ ಕೈ ತಡೆಯುತ್ತಿತ್ತು.