ಬಾಗಿಲು ತೆರೆದಿದೆ, ಒಳಗೆ ಮಗುವಿಗೆ ಜಾಗ ಇದೆಯಾ?



ಇವತ್ತು ಒಂದು ಅರ್ಜಿ ಫಾರ್ಮ್‌ನಿಂದ ಶುರು ಮಾಡೋಣ. ನಿಮಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ನೆಲೆಸಬೇಕು ಅಂತಿದ್ದೀರಿ. ಮನೇಲಿ ಒಂದು ವಿಶೇಷ ಅಗತ್ಯದ ಮಗು ಇದೆ. ಆಟಿಸಂ ಇರಬಹುದು, ಡೌನ್ ಸಿಂಡ್ರೋಮ್ ಇರಬಹುದು. ಹೆಸರು, ಹುಟ್ಟಿದ ದಿನ, ವಿದ್ಯಾಭ್ಯಾಸ ಎಲ್ಲಾ ಚಕಚಕ ತುಂಬ್ತೀರಿ. ಮಗುವಿನ ಆರೋಗ್ಯ ಅನ್ನೋ ಕಡೆ ಬಂದಾಗ ಕೈ ನಿಲ್ಲತ್ತೆ.

ಯಾಕಂದ್ರೆ ಕೆಲವು ದೇಶಗಳು ಇಲ್ಲಿ ಲೆಕ್ಕ ಹಾಕ್ತವೆ. ಆಸ್ಟ್ರೇಲಿಯಾದಲ್ಲಿ ಕಾಯಂ ವೀಸಾ ಕೇಳಿದ್ರೆ, ಈ ಮಗುವಿನಿಂದ ಸರ್ಕಾರಕ್ಕೆ ಎಷ್ಟು ಖರ್ಚು ಬೀಳತ್ತೆ ಅಂತ ಅಂದಾಜು ಮಾಡ್ತಾರೆ. ಮಿತಿ ದಾಟಿದ್ರೆ ಇಡೀ ಕುಟುಂಬಕ್ಕೇ ವೀಸಾ ನಿರಾಕರಿಸಬಹುದು. ಕೆನಡಾದಲ್ಲೂ ಇಂಥದ್ದೇ ನಿಯಮ ಬಿಗಿಯಾಗಿತ್ತು. 2018ರಲ್ಲಿ ಅವರು ಖರ್ಚಿನ ಮಿತಿಯನ್ನ ಮೂರು ಪಟ್ಟು ಮಾಡಿದ್ರು, ವಿಶೇಷ ಶಿಕ್ಷಣದ ಖರ್ಚನ್ನ ಆ ಲೆಕ್ಕದಿಂದಲೇ ಕೈಬಿಟ್ಟರು.

ಇನ್ನೊಂದು ದೇಶ ಇದೆ. ಅಲ್ಲಿ ಒಂದು ಸಮುದಾಯದವರಿಗೆ ಈ ಲೆಕ್ಕವೇ ಇಲ್ಲ. ಇಸ್ರೇಲ್, ಮತ್ತು ಯಹೂದಿ ಕುಟುಂಬಗಳು. ಇವತ್ತಿನ ವಿಷಯ ಅದೇ: ವಿಶೇಷ ಅಗತ್ಯದ ಮಗುವನ್ನ ಕರ್ಕೊಂಡು ಒಂದು ಯಹೂದಿ ಕುಟುಂಬ ದೇಶ ಬದಲಿಸೋದು ಅಂದ್ರೆ ಏನು? ಹೀಬ್ರೂನಲ್ಲಿ ಹೀಗೆ ಇಸ್ರೇಲಿಗೆ ಹೋಗಿ ನೆಲೆಸೋದಕ್ಕೆ ‘ಅಲಿಯಾ’ ಅಂತಾರೆ. ಮೇಲೇರೋದು ಅಂತ ಅರ್ಥ.

1950ರಲ್ಲಿ ಇಸ್ರೇಲ್ ‘ಮರಳುವ ಹಕ್ಕಿನ ಕಾನೂನು’ ಮಾಡಿತು. ಜಗತ್ತಿನ ಯಾವ ಮೂಲೆಯ ಯಹೂದಿಯೂ ಬಂದು ನೆಲೆಸಬಹುದು. 1970ರ ತಿದ್ದುಪಡಿ ಯಹೂದಿಯ ಮಕ್ಕಳು, ಮೊಮ್ಮಕ್ಕಳು, ಅವರ ಸಂಗಾತಿಗಳನ್ನೂ ಸೇರಿಸಿತು. ಬೇಡ ಅನ್ನೋಕೆ ಕೆಲವು ಕಾರಣಗಳಿವೆ: ದೇಶದ ಭದ್ರತೆಗೆ ಅಪಾಯ, ಸಾರ್ವಜನಿಕ ಆರೋಗ್ಯಕ್ಕೆ ಅಪಾಯ, ಅಪರಾಧದ ಹಿನ್ನೆಲೆ, ಹೀಗೆ. ಮಗುವಿನ ಥೆರಪಿಗೆ ಎಷ್ಟು ಖರ್ಚಾಗತ್ತೆ ಅನ್ನೋದು ಆ ಪಟ್ಟಿಯಲ್ಲಿ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. 1948ರಲ್ಲಿ ಅದೇ ನೆಲದಿಂದ ಹೊರಬಿದ್ದ ಪ್ಯಾಲೆಸ್ತೀನಿಯರಿಗೆ ಇಂಥ ಹಕ್ಕು ಇಲ್ಲ. ಈ ಕಾನೂನಿನ ಮೇಲಿರೋ ದೊಡ್ಡ ಆಕ್ಷೇಪ ಅದು. ಅದೇ ಒಂದು ದೊಡ್ಡ ಚರ್ಚೆ, ಆದ್ರೆ ಹೇಳದೆ ಮುಂದೆ ಹೋಗೋದು ಸರಿ ಅಲ್ಲ.

ಸರಿ, ಯಹೂದಿಗಳಿಗಾದ್ರೂ ಈ ಬಾಗಿಲು ಯಾವಾಗಲೂ ಹೀಗೇ ತೆರೆದಿತ್ತಾ? ಇಲ್ಲ. 1948ರಿಂದ 1951ರೊಳಗೆ ಸುಮಾರು 7 ಲಕ್ಷ ಜನ ಬಂದಿಳಿದ್ರು. ದೇಶದ ಯಹೂದಿ ಜನಸಂಖ್ಯೆಯೇ ಎರಡು ಪಟ್ಟಾಯ್ತು. ಮನೆ ಇಲ್ಲ, ಊಟಕ್ಕೆ ರೇಷನ್ನು, ಡೇರೆಗಳಲ್ಲಿ ಬದುಕು. 1951ರ ಕೊನೆಗೆ ಹೊಸ ನಿಯಮ ಬಂತು: ಬರೋರಲ್ಲಿ ಶೇ 80ರಷ್ಟು ಜನ ಯುವಕರೋ, ಕೆಲಸ ಬಲ್ಲವರೋ, ಅಥವಾ ದುಡಿಯೋ ವಯಸ್ಸಿನವರು ಇರೋ ಕುಟುಂಬದವರೋ ಆಗಿರಬೇಕು. ಜೊತೆಗೆ ವೈದ್ಯಕೀಯ ತಪಾಸಣೆ. ಮೊರಾಕ್ಕೊದಂಥ ದೇಶಗಳಲ್ಲಿ ಎಷ್ಟೋ ಮನೆಗಳ ಮುಂದೆ ಒಂದು ಪ್ರಶ್ನೆ ಬಂತು. ಕಾಯಿಲೆಯವರನ್ನ, ಅಂಗವೈಕಲ್ಯ ಇರೋರನ್ನ ಬಿಟ್ಟು ಹೊರಡೋದಾ, ಇಲ್ಲಾ ಎಲ್ಲರೂ ಉಳಿಯೋದಾ?

ಇದು ನಮ್ಮ ಪಕ್ಕದ ಊರಿನ ಕಥೆಯೂ ಹೌದು. ಕೊಚ್ಚಿಯ ಯಹೂದಿಗಳು ಹೊರಟು ನಿಂತಾಗ, ಅವರಲ್ಲಿ ಆನೆಕಾಲು ರೋಗ ಇದೆ ಅನ್ನೋ ಭಯದಿಂದ ಅಲ್ಲಿಯ ಆರೋಗ್ಯ ಅಧಿಕಾರಿಗಳು ತಡೆದ್ರು. ಅವರು ಕಾಯಬೇಕಾಯ್ತು. ಹೆಚ್ಚಿನವರಿಗೆ ಹೋಗೋಕೆ ಆಗಿದ್ದು 1953ರಿಂದ 1955ರ ನಡುವೆ. ಅಂದ್ರೆ, ‘ಎಲ್ಲರೂ ಬನ್ನಿ’ ಅಂದ ದೇಶವೂ ಒಂದು ಕಾಲದಲ್ಲಿ ದೇಹ ನೋಡಿ ಜನರನ್ನ ಆರಿಸಿತ್ತು.

ಈಗ ಇವತ್ತಿಗೆ ಬರೋಣ. ಒಂದು ಮನೆ ಕಲ್ಪಿಸಿಕೊಳ್ಳಿ. ಅಮೆರಿಕದ ನ್ಯೂಜೆರ್ಸಿ. ಧರ್ಮ ಪಾಲಿಸೋ ಯಹೂದಿ ಕುಟುಂಬ. ಹತ್ತು ವರ್ಷದ ಮಗಳು, ಏಳು ವರ್ಷದ ಮಗ. ಮಗನಿಗೆ ಆಟಿಸಂ, ಮಾತು ಕಡಿಮೆ.

ಅಮೆರಿಕದಲ್ಲಿ 1975ರಿಂದ ಕಾನೂನಿದೆ. ಸರ್ಕಾರಿ ಶಾಲೆ ಇಂಥ ಮಗುವಿಗೆ ಉಚಿತ ಶಿಕ್ಷಣ ಕೊಡಲೇಬೇಕು. ಸ್ಪೀಚ್ ಥೆರಪಿ, ಮಗುವಿಗೇ ಅಂತ ಬರೆದ ಕಲಿಕಾ ಯೋಜನೆ, ಎಲ್ಲಾ ಬರತ್ತೆ. ಆ ಯೋಜನೆಗೆ ಐಇಪಿ ಅಂತಾರೆ. ಆದ್ರೆ ಖಾಸಗಿ ಯಹೂದಿ ಶಾಲೆಗೆ ಹೋದ್ರೆ ಅಷ್ಟೂ ಹಕ್ಕು ಜೊತೆಗೆ ಬರಲ್ಲ. ಆ ಶಾಲೆಗಳ ಫೀಸು ದುಬಾರಿ, ಎಷ್ಟೋ ಕಡೆ ಇಂಥ ಮಕ್ಕಳಿಗೆ ವ್ಯವಸ್ಥೆಯೂ ಇರಲ್ಲ. ಹಾಗಾಗಿ ಅಕ್ಕ ಯಹೂದಿ ಶಾಲೆಗೆ ಹೋಗ್ತಾಳೆ, ತಮ್ಮ ಸರ್ಕಾರಿ ಶಾಲೆಗೆ. ಶುಕ್ರವಾರ ಸಂಜೆ ಶಬ್ಬತ್ ಊಟಕ್ಕೆ ಎಲ್ಲರೂ ಕೂತಾಗ ಅಕ್ಕ ಶಾಲೇಲಿ ಕಲಿತ ಹಾಡು ಹಾಡ್ತಾಳೆ. ತಮ್ಮನಿಗೆ ಅದು ಗೊತ್ತೇ ಇಲ್ಲ. ಥೆರಪಿ ಬೇಕು ಅಂದ್ರೆ ಮನೆಯ ಪದ್ಧತಿ ಬಿಡು, ಪದ್ಧತಿ ಬೇಕು ಅಂದ್ರೆ ಥೆರಪಿ ಬಿಡು. ಅಪ್ಪ ಅಮ್ಮನಿಗೆ ಚುಚ್ಚೋದು ಇದೇ.

ಇಸ್ರೇಲಿನಲ್ಲಿ ಈ ಎರಡೂ ಒಂದೇ ಸೂರಿನಡಿ ಸಿಗತ್ತೆ. ಸರ್ಕಾರದ ವಿಶೇಷ ಶಾಲೆಯೂ ಯಹೂದಿ ಹಬ್ಬಕ್ಕೆ ರಜೆ ಕೊಡತ್ತೆ, ಹನುಕ್ಕಾ ಬಂದ್ರೆ ಕ್ಲಾಸಲ್ಲೇ ದೀಪ ಹಚ್ಚತ್ತೆ. 2019ರಲ್ಲಿ ಶಾಲ್ವಾ ಬ್ಯಾಂಡ್ ಅಂತ ಒಂದು ತಂಡ ಸುದ್ದಿಯಾಗಿತ್ತು, ನೆನಪಿದೆಯಾ? ಜೆರುಸಲೆಮ್‌ನಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರೋ ಶಾಲ್ವಾ ಸಂಸ್ಥೆಯ ಸಂಗೀತ ತಂಡ ಅದು, ಗಾಯಕಿಯರಿಬ್ಬರಿಗೂ ಕಣ್ಣು ಕಾಣಲ್ಲ. ಯೂರೋವಿಷನ್‌ಗೆ ಹಾಡುಗಾರರನ್ನ ಆರಿಸೋ ಟಿವಿ ಸ್ಪರ್ಧೆಯಲ್ಲಿ ಕೊನೆಯ ಹಂತದವರೆಗೂ ಬಂದಿದ್ರು. ಗೆದ್ದರೆ ಶಬ್ಬತ್ ದಿನ ರಿಹರ್ಸಲ್ ಮಾಡಬೇಕು ಅಂತ ಗೊತ್ತಾದಾಗ ತಾವೇ ಹಿಂದೆ ಸರಿದ್ರು. ಆಮೇಲೆ ಯೂರೋವಿಷನ್ ಸೆಮಿಫೈನಲ್ ವೇದಿಕೆಯಲ್ಲಿ ಅತಿಥಿಗಳಾಗಿ ಹಾಡಿದ್ರು. ನ್ಯೂಜೆರ್ಸಿಯ ಆ ಅಮ್ಮನಿಗೆ ಇಂಥ ಸುದ್ದಿ ನೋಡಿದಾಗ ಏನನಿಸಬಹುದು, ಯೋಚಿಸಿ.

ಕಾನೂನೂ ಚೆನ್ನಾಗಿದೆ. 1988ರ ವಿಶೇಷ ಶಿಕ್ಷಣ ಕಾನೂನಿನ ಪ್ರಕಾರ 3ರಿಂದ 21 ವರ್ಷದವರೆಗೆ ಉಚಿತ ಶಿಕ್ಷಣ. ಮಗು ಅರ್ಹ ಹೌದೋ ಅಲ್ವೋ ಅಂತ ಒಂದು ಸಮಿತಿ ನೋಡತ್ತೆ. 2018ರ ತಿದ್ದುಪಡಿ ಬಂದ ಮೇಲೆ, ಅರ್ಹ ಅಂತ ಆದ್ರೆ ಸಾಮಾನ್ಯ ಕ್ಲಾಸೋ, ಸಾಮಾನ್ಯ ಶಾಲೆಯೊಳಗಿನ ವಿಶೇಷ ಕ್ಲಾಸೋ, ವಿಶೇಷ ಶಾಲೆಯೋ ಅಂತ ಆರಿಸೋದು ಹೆಚ್ಚಾಗಿ ಪೋಷಕರ ಕೈಲಿದೆ. ದೇಶದಲ್ಲಿ ನಾಲ್ಕು ಆರೋಗ್ಯ ನಿಧಿಗಳಿವೆ. ಹೊಸದಾಗಿ ಬಂದವರೂ ಅದರಲ್ಲಿ ಒಂದಕ್ಕೆ ಸೇರ್ತಾರೆ. ಅರ್ಹ ಮಗುವಿನ ಹೆಸರಲ್ಲಿ ರಾಷ್ಟ್ರೀಯ ವಿಮಾ ಸಂಸ್ಥೆಯಿಂದ ತಿಂಗಳಾ ಭತ್ಯೆಯೂ ಸಿಗತ್ತೆ.

ಕೇಳೋಕೆ ಎಷ್ಟು ಚೆಂದ ಅಲ್ವಾ? ಆದ್ರೆ ಬಾಗಿಲು ತೆರೆದಿರೋದು ಒಂದು, ಒಳಗೆ ಕೂರೋಕೆ ಜಾಗ ಸಿಗೋದು ಇನ್ನೊಂದು. ಕುಟುಂಬಗಳು ಎಡವೋದು ಈ ಎರಡರ ಮಧ್ಯದ ಹಾದಿಯಲ್ಲಿ.

ಮೊದಲನೇದು, ಕಾಗದ. ಅಮೆರಿಕದ ಐಇಪಿಗೆ ಇಸ್ರೇಲಿನಲ್ಲಿ ಕಾನೂನಿನ ಬಲ ಇಲ್ಲ. ಅದು ಬರೀ ಮಾಹಿತಿ. ಆಟಿಸಂ ಅಂತ ಒಪ್ಪಬೇಕಾದ್ರೆ ಡಾಕ್ಟರ್ ಮತ್ತು ಸೈಕಾಲಜಿಸ್ಟ್ ಇಬ್ಬರ ವರದಿ ಕೇಳ್ತಾರೆ. ವರದಿ ಹಳೇದಾಗಿದ್ರೆ ಮತ್ತೆ ಸರತಿ, ಮತ್ತೆ ಪರೀಕ್ಷೆ. ಹಾಗಾಗಿ ತಿಳಿದವರು ಹೊರಡೋ ಮುಂಚೆಯೇ ಹೊಸ ಪರೀಕ್ಷೆ ಮಾಡಿಸಿ, ಹೀಬ್ರೂ ಅನುವಾದ ಇಟ್ಕೊಂಡು, ಆ ಫೈಲನ್ನ ವಿಮಾನದಲ್ಲಿ ಕೈಚೀಲದಲ್ಲೇ ಇಟ್ಕೊಳ್ತಾರೆ. ಹಡಗಲ್ಲಿ ಬರೋ ಸಾಮಾನಿನ ಜೊತೆ ಕಳಿಸಲ್ಲ.

ಎರಡನೇದು, ತಿಂಗಳು. ಶಾಲೆ ಶುರುವಾಗೋದು ಸೆಪ್ಟೆಂಬರ್ 1ಕ್ಕೆ. ಮಕ್ಕಳಿಗೆ ರಜೆ ಅಂತ ಕುಟುಂಬಗಳು ಜುಲೈ, ಆಗಸ್ಟಲ್ಲಿ ಹೊರಡ್ತವೆ. ಆದ್ರೆ ಸಮಿತಿಗಳ ಹೆಚ್ಚಿನ ಕೆಲಸ ಬೇಸಿಗೆ ರಜೆಗೆ ಮುಂಚೆಯೇ ಮುಗಿದಿರತ್ತೆ. ಆಗಸ್ಟಲ್ಲಿ ಇಳಿದು ‘ನಮ್ಮ ಮಗನಿಗೆ ಸೀಟು’ ಅಂದ್ರೆ ಪರದಾಟ.

ಮೂರನೇದು, ಊರು. ಸಾಮಾನ್ಯವಾಗಿ ಹೊಸಬರು ನೆಂಟರಿರೋ ಊರು, ಇಂಗ್ಲಿಷ್ ಮಾತಾಡೋರು ಇರೋ ಊರು ಹುಡುಕ್ತಾರೆ. ಈ ಕುಟುಂಬ ಮೊದಲು ಶಾಲೆ ಹುಡುಕಬೇಕು, ಆಮೇಲೆ ಆ ಶಾಲೆಯ ಸುತ್ತ ಮನೆ. ಯಾಕಂದ್ರೆ ಸೇವೆಗಳ ಬಹುಪಾಲು ನಡೆಯೋದು ಸ್ಥಳೀಯ ನಗರಸಭೆಯ ಮೂಲಕ. ಊರಿಂದ ಊರಿಗೆ ವ್ಯತ್ಯಾಸ ಇರತ್ತೆ.

ನಾಲ್ಕನೇದು ಸೈರನ್. 2023ರ ಅಕ್ಟೋಬರ್ 7ರ ನಂತರ ಇದನ್ನ ಯಾರೂ ಮರೆಯೋ ಹಾಗಿಲ್ಲ. ಸೈರನ್ ಕೂಗಿದ ಮೇಲೆ ಆಶ್ರಯಕ್ಕೆ ಓಡೋಕೆ ಗಾಜಾ ಗಡಿಯ ಹತ್ತಿರ ಸಿಗೋದು 15 ಸೆಕೆಂಡು, ಮಧ್ಯಭಾಗದಲ್ಲಿ 90 ಸೆಕೆಂಡು. ಮಿಕ್ಸಿ ಸದ್ದಿಗೇ ಕಿವಿ ಮುಚ್ಚಿಕೊಳ್ಳೋ ಮಗು, ಇಲ್ಲಾ ವೀಲ್‌ಚೇರಲ್ಲಿರೋ ಮಗು ಮೆಟ್ಟಿಲಿಳಿದು ಓಡೋದು ಹೇಗೆ? ಹೊಸ ಕಟ್ಟಡಗಳಲ್ಲಿ ಫ್ಲ್ಯಾಟ್ ಒಳಗೇ ದಪ್ಪ ಕಾಂಕ್ರೀಟಿನ ಒಂದು ಕೋಣೆ ಇರತ್ತೆ, ‘ಮಮಾದ್’ ಅಂತಾರೆ. ಬೇರೆಯವರಿಗೆ ಅದು ಅನುಕೂಲ. ಈ ಮನೆಯವರಿಗೆ ಅದಿಲ್ಲದ ಬಾಡಿಗೆ ಮನೆ ನೋಡೋ ಹಾಗೇ ಇಲ್ಲ.

ಐದನೇದು ಭಾಷೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು ಇದೇ. ಆ ಹುಡುಗ ಮೂರು ವರ್ಷ ಥೆರಪಿಗೆ ಹೋಗಿ ‘ವಾಟರ್’ ಅನ್ನೋದನ್ನ ಕಲಿತಿದ್ದಾನೆ. ಇಲ್ಲಿ ಟೀಚರ್ ‘ಮಯಿಮ್’ ಅಂತಾರೆ. ಅವನು ವಾಟರ್ ಅಂದ್ರೆ ಅವರಿಗೆ ಅರ್ಥ ಆಗಬಹುದು, ಆದ್ರೆ ಅವನ ಸುತ್ತ ಮಾತೆಲ್ಲಾ ಬದಲಾಗಿಬಿಟ್ಟಿದೆ. ಅಕ್ಕ ಆರು ತಿಂಗಳಲ್ಲಿ ಆಟ ಆಡ್ತಾ ಹೀಬ್ರೂ ಕಲೀಬಹುದು. ಅಪ್ಪ ಅಮ್ಮನಿಗೆ ಸರ್ಕಾರದ ‘ಉಲ್ಪಾನ್’ ಭಾಷಾ ತರಗತಿ ಇದೆ. ಇವನಿಗೆ ಎಷ್ಟು ಕಾಲ ಬೇಕೋ ಹೇಳೋಕಾಗಲ್ಲ. ಸಮಿತಿ ಮುಂದೆ ಮಗನ ಪರವಾಗಿ ವಾದ ಮಾಡಬೇಕಾದ ಅಮ್ಮನೂ ಆಗ ತೊದಲು ಹೀಬ್ರೂನಲ್ಲೇ ಇರ್ತಾಳೆ. ಅಮೆರಿಕದಲ್ಲಿ ಮೀಟಿಂಗ್ ನಡೆಸ್ತಿದ್ದ ಹೆಂಗಸು ಇಲ್ಲಿ ಫಾರ್ಮ್ ಓದೋಕೂ ಪಕ್ಕದ ಮನೆಯವರನ್ನ ಕರೀಬೇಕು. ಅಜ್ಜಿ ತಾತ ಬೇರೆ ಸಾಗರದಾಚೆ.

ಇಲ್ಲಿ ಒಂದು ತಪ್ಪು ಸಲಹೆ ಎಲ್ಲಾ ದೇಶದಲ್ಲೂ ಕೇಳಿಬರತ್ತೆ: ‘ಮಗುವಿಗೆ ಗೊಂದಲ ಆಗತ್ತೆ, ಮನೇಲೂ ಶಾಲೆಯ ಭಾಷೆಯನ್ನೇ ಮಾತಾಡಿ.’ ಆಟಿಸಂ ಮತ್ತು ಡೌನ್ ಸಿಂಡ್ರೋಮ್ ಇರೋ ಮಕ್ಕಳ ಬಗ್ಗೆ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆ ಕೇಳಿ ಬೆಳೆದ್ರೆ ಮಾತು ಹಾಳಾಗತ್ತೆ ಅನ್ನೋದು ಕಂಡುಬಂದಿಲ್ಲ. ಬೆಂಗಳೂರಲ್ಲೇ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಹಿಡಿದಿದ್ದಾರೆ. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಮೊಮ್ಮಗನಿಗೆ ಕನ್ನಡ ಸಿಗಲ್ಲ. ಮೊದಲೇ ಮಾತು ಕಡಿಮೆ ಇರೋ ಮಗುವಿಗೆ ಮಾತಾಡೋರೂ ಕಡಿಮೆ ಆಗಿಬಿಡ್ತಾರೆ. ಮನೆ ಮಾತು ಬಿಡಬೇಡಿ. ನ್ಯೂಜೆರ್ಸಿಯವರಿಗೂ ಅದೇ, ನಮಗೂ ಅದೇ.

ಹಾಗಾದ್ರೆ ಆ ಕುಟುಂಬ ಹೋಗಬೇಕಾ, ಬೇಡ್ವಾ? ತೀರ್ಪು ಕೊಡೋಕೆ ನಾನ್ಯಾರು. ಎಲ್ಲಾ ತಯಾರಿ ಮಾಡ್ಕೊಂಡು ಹೋಗೋರಿದ್ದಾರೆ. ಇರೋ ಥೆರಪಿಸ್ಟ್, ಪರಿಚಯದ ಟೀಚರ್, ಹತ್ತಿರದ ಅಜ್ಜಿ, ಇಷ್ಟನ್ನ ಬಿಟ್ಟುಕೊಡೋಕಾಗಲ್ಲ ಅಂತ ಉಳಿಯೋರೂ ಇದ್ದಾರೆ. ಉಳಿದವರ ನಂಬಿಕೆ ಕಡಿಮೆ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ.

ಒಂದು ಮಾತ್ರ ಹೇಳ್ತೀನಿ. ನೀವು ಟೊರಾಂಟೊಗೆ ಹೋಗಿ, ಮೆಲ್ಬರ್ನ್‌ಗೆ ಹೋಗಿ, ಇಲ್ಲಾ ಹುಬ್ಬಳ್ಳಿಯಿಂದ ಬೆಂಗಳೂರಿಗೇ ಬನ್ನಿ. ಮನೇಲಿ ಇಂಥ ಮಗು ಇದ್ರೆ ‘ವೀಸಾ ಸಿಗತ್ತಾ, ಸಂಬಳ ಎಷ್ಟು’ ಅನ್ನೋದು ಎರಡನೇ ಪ್ರಶ್ನೆ ಆಗಲಿ. ಇಳಿದ ಮೊದಲನೇ ಸೋಮವಾರ ಬೆಳಗ್ಗೆ ನಮ್ಮ ಮಗು ಯಾವ ಬಾಗಿಲೊಳಗೆ ಹೋಗತ್ತೆ, ಅಲ್ಲಿ ಅದರ ಹೆಸರು ಗೊತ್ತಿರೋ ಒಬ್ಬರಾದ್ರೂ ಇರ್ತಾರಾ? ಇದಕ್ಕೆ ಉತ್ತರ ಸಿಕ್ಕ ಮೇಲೆ ಟಿಕೆಟ್ ಬುಕ್ ಮಾಡಿ.

ನಿಮ್ಮ ಮನೇಲೋ, ಪಕ್ಕದ ಮನೇಲೋ ಇಂಥ ಅನುಭವ ಇದ್ರೆ ನಮಗೆ ಬರೆದು ತಿಳಿಸಿ. ಈ ಸಂಚಿಕೆ ಯಾರಿಗಾದ್ರೂ ಉಪಯೋಗ ಆಗತ್ತೆ ಅನ್ನಿಸಿದ್ರೆ ಅವರಿಗೆ ಕಳಿಸಿ.