ಚೆಕ್ ಎಂಜಿನ್ ಲೈಟ್ ಬಂತಾ? ಕನ್ವರ್ಟರ್ ಬದಲಿಸೋ ಮೊದಲು ಇದನ್ನ ಕೇಳಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಚಿತ್ರ ಬೆಳಗಿದರೆ ನಮ್ಮಲ್ಲಿ ಬಹಳ ಜನ ಮಾಡೋದು ಎರಡೇ ಕೆಲಸ. ಒಂದು, ‘ಗಾಡಿ ಓಡ್ತಿದೆಯಲ್ಲ’ ಅಂತ ಸುಮ್ಮನಾಗೋದು. ಇನ್ನೊಂದು, ಗ್ಯಾರೇಜಿನವರು ಹೇಳಿದ ಮೊತ್ತಕ್ಕೆ ತಲೆಯಾಡಿಸೋದು. ಮೂರನೇ ದಾರಿ ಒಂದಿದೆ. ಅದಕ್ಕೆ ಬೇಕಾದ ಅರ್ಧ ಸಾಮಾನು ಈಗ ನಿಮ್ಮ ಕೈಯಲ್ಲೇ ಇದೆ: ನಿಮ್ಮ ಫೋನು.

ಇವತ್ತು ಪೆಟ್ರೋಲ್ ಕಾರಿನ ಬಗ್ಗೆ ಮಾತ್ರ ಮಾತಾಡೋಣ. ಡೀಸೆಲ್ ಲೆಕ್ಕ ಬೇರೆ.

ಎಂಜಿನ್ನಿನಿಂದ ಹೊಗೆ ಹೊರಗೆ ಹೋಗೋ ಪೈಪಿನಲ್ಲಿ ಒಂದು ಉಕ್ಕಿನ ಡಬ್ಬಿ ಇರತ್ತೆ. ಅದೇ ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂಥ ರಚನೆ, ಅದರ ಗೋಡೆಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಕಾರ್ಬನ್ ಮಾನಾಕ್ಸೈಡ್, ಸುಡದೇ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್, ಈ ಮೂರು ವಿಷಗಳನ್ನು ಇದು ಬಹುಮಟ್ಟಿಗೆ ಶುದ್ಧ ಮಾಡತ್ತೆ. ಬೆಲೆ ಯಾಕೆ ಅಷ್ಟೊಂದು ಅಂದ್ರೆ, ಆ ಲೋಹಗಳಿಂದ.

ಈ ಡಬ್ಬಿಯ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತವೆ. 1 ಕೆಜಿ ಪೆಟ್ರೋಲ್ ಸರಿಯಾಗಿ ಸುಡೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಆ ಅಳತೆ ತಪ್ಪುತ್ತಿದೆಯಾ ಅಂತ ಮುಂದಿನ ಸೆನ್ಸರ್ ಕ್ಷಣಕ್ಷಣಕ್ಕೂ ಕಾರಿನ ಕಂಪ್ಯೂಟರಿಗೆ ವರದಿ ಕೊಡತ್ತೆ. ಹಿಂದಿನ ಸೆನ್ಸರಿನ ಮುಖ್ಯ ಕೆಲಸ ಕನ್ವರ್ಟರನ್ನು ಕಾಯೋದು.

ಈಗ ಸಮಸ್ಯೆಗೆ ಬರ್ತೀನಿ. ಸ್ಕ್ಯಾನ್ ಮಾಡಿದಾಗ ‘ಪಿ 0420’ ಅಂತ ಕೋಡ್ ಬರತ್ತೆ. ಅಂದ್ರೆ ಕನ್ವರ್ಟರಿನ ಕಾರ್ಯಕ್ಷಮತೆ ಮಿತಿಗಿಂತ ಕಡಿಮೆ ಕಾಣ್ತಿದೆ ಅಂತ. ‘ಕಾಣ್ತಿದೆ’ ಅನ್ನೋ ಪದ ಗಮನಿಸಿ. ಕೋಡ್ ಅನ್ನೋದು ದೂರು, ತೀರ್ಪಲ್ಲ. ದೂರು ಕೊಟ್ಟಿದ್ದು ಹಿಂದಿನ ಸೆನ್ಸರ್. ಆ ಸಾಕ್ಷಿಯೇ ಸರಿಯಿಲ್ಲದಿದ್ದರೆ? ಅದನ್ನ ವಿಚಾರಿಸದೇ ಸೀದಾ ಕನ್ವರ್ಟರಿಗೆ ಶಿಕ್ಷೆ ಕೊಟ್ಟರೆ ದಂಡ ಕಟ್ಟೋದು ನಿಮ್ಮ ಜೇಬು.

ಹಾಗಾದ್ರೆ ವಿಚಾರಣೆ ಹೇಗೆ? ಬ್ಲೂಟೂತ್ ಒಬಿಡಿ ಅಡಾಪ್ಟರ್ ಅಂತ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ ಸಿಗತ್ತೆ. ಸಾಮಾನ್ಯವಾಗಿ ಸ್ಟೇರಿಂಗ್ ಕೆಳಗಿರೋ ಸಾಕೆಟ್ಟಿಗೆ ಚುಚ್ಚಿ, ಫೋನಿನಲ್ಲಿ ಆ್ಯಪ್ ತೆರೆಯಿರಿ. ಕೋಡ್ ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. ತಕ್ಷಣ ಅಳಿಸ್ಬೇಡಿ, ಅದರ ಜೊತೆ ಸುಳಿವುಗಳೂ ಅಳಿಸಿಹೋಗುತ್ತವೆ. ಬೇರೆ ಕೋಡ್ ಇದೆಯಾ ನೋಡಿ. ಪಿ 0300 ಇದ್ದರೆ ಮಿಸ್‌ಫೈರ್, ಪಿ 0171 ಇದ್ದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪಿ 0141 ಇದ್ದರೆ ಹಿಂದಿನ ಸೆನ್ಸರಿನ ಹೀಟರ್ ತೊಂದರೆ. ಇವು ಇದ್ದರೆ ಮೊದಲು ಇವನ್ನೇ ಸರಿಪಡಿಸಬೇಕು.

ಆಮೇಲೆ ಲೈವ್ ಡೇಟಾ. ಗಾಡಿ ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯತ್ತೆ. ಒಣಹುಲ್ಲಿನ ಮೇಲೂ ಬೇಡ, ಕನ್ವರ್ಟರ್ ಕೆಂಡದ ಹಾಗೆ ಕಾಯತ್ತೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2,500 ಆರ್‌ಪಿಎಂ ಹತ್ತಿರ ಎರಡು ಮೂರು ನಿಮಿಷ ಹಿಡಿದು, ಎರಡೂ ಸೆನ್ಸರುಗಳ ಗ್ರಾಫ್ ನೋಡಿ.

ಹಳೇ ಮಾದರಿಯ ಮುಂದಿನ ಸೆನ್ಸರ್ 0.1 ಮತ್ತು 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಕುಣೀತಾ ಇರಬೇಕು. ಹಿಂದಿನದು 0.6, 0.7 ಹತ್ತಿರ ಹೆಚ್ಚುಕಡಿಮೆ ನೇರ ಗೆರೆಯಾಗಿರಬೇಕು. ಯಾಕಂದ್ರೆ ಒಳ್ಳೇ ಕನ್ವರ್ಟರ್ ಆಕ್ಸಿಜನ್ ಕೂಡಿಟ್ಟುಕೊಂಡು ಬೇಕಾದಾಗ ಬಿಡತ್ತೆ, ಏರಿಳಿತವನ್ನ ತಾನೇ ನುಂಗತ್ತೆ. ಹಿಂದಿನದೂ ಮುಂದಿನದರ ತಾಳಕ್ಕೆ ಸರಿಯಾಗಿ ಕುಣಿದರೆ ಕನ್ವರ್ಟರ್ ಮೇಲಿನ ಅನುಮಾನ ಗಟ್ಟಿಯಾಗತ್ತೆ. ಹೊಸ ಕಾರುಗಳಲ್ಲಿ ಮುಂದೆ ವೈಡ್‌ಬ್ಯಾಂಡ್ ಸೆನ್ಸರ್ ಇರಬಹುದು, ಅದು ಹೀಗೆ ಕುಣಿಯಲ್ಲ. ಅದನ್ನ ಕೆಟ್ಟಿದೆ ಅಂತ ತಿಳೀಬೇಡಿ.

ಹಿಂದಿನ ಸೆನ್ಸರ್ ಅಲುಗಾಡದೇ ಒಂದೇ ಅಂಕಿಯಲ್ಲಿ ನಿಂತಿದ್ರೆ? ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿ ಬಿಡಿ. ಒತ್ತಿದಾಗ 0.9 ಕಡೆ ಏರಿ, ಬಿಟ್ಟಾಗ ಸೊನ್ನೆ ಕಡೆ ಇಳಿದರೆ ಸೆನ್ಸರಿಗೆ ಜೀವ ಇದೆ ಅಂತ. ಅಲುಗಾಡಲೇ ಇಲ್ಲ ಅಂದ್ರೆ ಸೆನ್ಸರ್ ಅಥವಾ ವೈರಿಂಗ್ ನೋಡಿಸಿ.

ಇನ್ನೊಬ್ಬ ಕಳ್ಳ ಇದ್ದಾನೆ, ಸೈಲೆನ್ಸರ್ ಪೈಪಿನ ಲೀಕ್. ನನ್ನ ಗೆಳೆಯನಿಗೆ ಒಂದು ಗ್ಯಾರೇಜಿನಲ್ಲಿ ‘ಕನ್ವರ್ಟರ್ ಹೋಗಿದೆ’ ಅಂದ್ರು. ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಟ್ಟರೆ ಪೈಪಿನ ಜಾಯಿಂಟಿನಲ್ಲಿ ಟಿಕ್ ಟಿಕ್ ಸದ್ದು, ಪಕ್ಕದಲ್ಲೇ ಕಪ್ಪು ಮಸಿ. ಅಂಥ ಸಂದಿಯಿಂದ ಹೊರಗಿನ ಗಾಳಿ ಒಳಗೆ ನುಗ್ಗಿದರೆ ಸೆನ್ಸರ್ ಪಾಪ ಏನು ಮಾಡತ್ತೆ, ‘ಆಕ್ಸಿಜನ್ ಜಾಸ್ತಿ ಇದೆ’ ಅಂತ ವರದಿ ಕೊಡತ್ತೆ. ಗ್ಯಾಸ್ಕೆಟ್ ಬದಲಿಸಿದ ಮೇಲೆ ಆ ಲೈಟ್ ಮತ್ತೆ ಬರಲಿಲ್ಲ.

ಸರಿ, ಕನ್ವರ್ಟರ್ ನಿಜವಾಗಲೂ ಹೋಗಿದೆ ಅಂತಲೇ ಇಟ್ಕೊಳ್ಳಿ. ಆಗಲೂ ಒಂದು ಪ್ರಶ್ನೆ ಕೇಳಲೇಬೇಕು: ಅದನ್ನ ಕೊಂದದ್ದು ಯಾರು? ಅವಧಿಗೆ ಮುಂಚೆ ಅದು ತಾನಾಗೇ ಸಾಯೋದು ಕಡಿಮೆ. ಮಿಸ್‌ಫೈರ್ ಆದಾಗ ಸುಡದ ಪೆಟ್ರೋಲ್ ಒಳಗೆ ಬಂದು ಉರಿದು ಜೇನುಗೂಡನ್ನೇ ಕರಗಿಸಬಹುದು. ಎಂಜಿನ್ ಆಯಿಲ್ ಕುಡೀತಿದ್ರೆ ಅದರ ಬೂದಿ ಲೇಪನದ ಮೇಲೆ ಕೂರತ್ತೆ. ಮೂಲ ಕಾರಣ ಸರಿಪಡಿಸದೇ ಹೊಸದು ಹಾಕಿಸಿದ್ರೆ ಅದಕ್ಕೂ ಇದೇ ಗತಿ. ಅದಕ್ಕೇ ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ‘ಮನೆ ತಲುಪಿ ನೋಡೋಣ’ ಅನ್ಬೇಡಿ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ.

‘ತೆಗೆದು ಖಾಲಿ ಪೈಪ್ ಹಾಕ್ಬಿಡೋಣ, ಪಿಕಪ್ಪೂ ಚೆನ್ನಾಗಿರತ್ತೆ’ ಅನ್ನೋರೂ ಸಿಗ್ತಾರೆ. ಒಪ್ಪಬೇಡಿ. ಮಾಲಿನ್ಯ ಮಾನದಂಡ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಮಗು ಕೂರಿಸಿಕೊಂಡು ನಿಂತವರು ಆ ಹೊಗೆ ಕುಡೀತಾರೆ.

ಒಳ್ಳೇ ಮೆಕ್ಯಾನಿಕ್ ನಿಮ್ಮ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ. ‘ಅಣ್ಣ, ಹಿಂದಿನ ಸೆನ್ಸರ್ ಗ್ರಾಫ್ ಒಮ್ಮೆ ತೋರಿಸಿ, ಲೀಕ್ ಚೆಕ್ ಮಾಡಿದ್ರಾ?’ ಅಂತ ಕೇಳಿ. ತೋರಿಸಿದ್ರೆ ನಂಬಿಕೊಂಡು ಗಾಡಿ ಬಿಡಿ. ತೋರಿಸಲ್ಲ ಅಂದ್ರೆ ಕೀ ವಾಪಸ್ ಇಸ್ಕೊಳ್ಳಿ.

ನಿಮ್ಮ ಪ್ರಶ್ನೆ ಏನಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.