ಗುಂಡಿ ಹೀರಿದ ನೀರು ಎಲ್ಲಿಗೆ ಹೋಗುತ್ತದೆ? – ಮಣ್ಣಿನ ಪರೀಕ್ಷೆ ಮತ್ತು ನೈಟ್ರೇಟ್ ಲೆಕ್ಕ



ನಮ್ಮ ಗ್ರಾಮಗಳಲ್ಲಿ ಇಂದು ಮನೆಗೊಂದು ಶೌಚಾಲಯವಿದೆ, ಕುಡಿಯುವ ನೀರಿಗೆ ಕೊಳವೆಬಾವಿಯಿದೆ. ಒಳಚರಂಡಿ ಮಾತ್ರ ಬಹುತೇಕ ಕಡೆ ಇಲ್ಲ. ಮಲಿನ ನೀರು ಸೆಪ್ಟಿಕ್ ಟ್ಯಾಂಕಿನಿಂದ ಇಂಗುಗುಂಡಿಗೆ ಇಳಿದು ನೆಲ ಸೇರುತ್ತದೆ. ಗುಂಡಿ ಚೆನ್ನಾಗಿ ಹೀರುತ್ತಿದೆ ಎಂದರೆ ಮಾಲೀಕರಿಗೂ ನೆಮ್ಮದಿ, ಪಂಚಾಯಿತಿಗೂ ನೆಮ್ಮದಿ. ಹೀರಿದ ನೀರು ಎಲ್ಲಿಗೆ ಹೋಯಿತೆಂದು ನಾವು ಕೇಳುವುದಿಲ್ಲ. ಈ ದಿನ ಅದನ್ನು ಕೇಳೋಣ.

ಮೊದಲನೆಯದು ಮಣ್ಣು. ಭಾರತೀಯ ಮಾನಕ ಐಎಸ್ 2470ರಲ್ಲಿ ಸರಳವಾದ ಇಂಗುವಿಕೆ ಪರೀಕ್ಷೆಯಿದೆ. ಉದ್ದೇಶಿತ ಆಳದಲ್ಲಿ ಚಿಕ್ಕ ಕುಳಿ ತೋಡಿ, ತಳಕ್ಕೆ ಜಲ್ಲಿ ಹಾಕಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಬೇಕು. ಮರುದಿನ ನೀರು ಇಳಿಯುವ ವೇಗವನ್ನು ಅಳೆದು, 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕೆಂದು ಲೆಕ್ಕ ಹಾಕಬೇಕು. 30 ನಿಮಿಷದೊಳಗಿದ್ದರೆ ಇಂಗುಗುಂಡಿ ಕೆಲಸ ಮಾಡುತ್ತದೆ. 60 ನಿಮಿಷ ಮೀರಿದರೆ ಆ ಜೇಡಿಮಣ್ಣು ಇಂಗುಗುಂಡಿಗೆ ತಕ್ಕುದಲ್ಲ. ಕುಡಿಯುವ ನೀರಿನ ಮೂಲಕ್ಕೂ ಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕು.

ಆದರೆ ಬೇಗ ಹೀರುವುದೆಲ್ಲ ಸುರಕ್ಷಿತವಲ್ಲ. ನಮ್ಮ ಜಿಲ್ಲೆಯಲ್ಲಿ ಕೆಂಪುಮಣ್ಣಿನ ಕೆಳಗೆ ಗರಸು, ಅದರ ಕೆಳಗೆ ಬಿರುಕುಬಿಟ್ಟ ಗಟ್ಟಿಶಿಲೆ. ಕೊಳವೆಬಾವಿಯ ನೀರು ಬರುವುದು ಆ ಬಿರುಕುಗಳಿಂದಲೇ. ಗುಂಡಿಯ ತಳ ಬಿರುಕುಬಂಡೆಗೆ ತಗುಲಿದರೆ ಸೋಸುವ ಮಣ್ಣೇ ಉಳಿಯುವುದಿಲ್ಲ. ಮಲಿನ ನೀರು 18 ಮೀಟರ್ ದಾಟಿ ಬಹುದೂರ ಸಾಗಬಲ್ಲದು. ಇಂತಹ ಶಿಲಾಪದರದಲ್ಲಿ ಇಂಗಿಸುವುದು ಬೇಡವೆಂದು ಅದೇ ಮಾನಕ ಹೇಳುತ್ತದೆ.

ಎರಡನೆಯದು ನೈಟ್ರೇಟ್. ಒಳ್ಳೆಯ ಮಣ್ಣು ರೋಗಾಣುಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ನೈಟ್ರೇಟನ್ನು ತಡೆಯುವುದಿಲ್ಲ. ಮಲಮೂತ್ರದ ಸಾರಜನಕವು ಗಾಳಿಯಾಡುವ ಮಣ್ಣಿನಲ್ಲಿ ನೈಟ್ರೇಟ್ ಆಗಿ, ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೀರಿದರೆ, ಬಾಟಲಿ ಹಾಲು ಕುಡಿಯುವ ಆರು ತಿಂಗಳೊಳಗಿನ ಶಿಶುವಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕ್ಲೋರಿನ್ ಹಾಕಿದರೂ ಹೋಗದು. ಕುದಿಸಿದರೆ ನೀರು ಆವಿಯಾಗಿ ಪ್ರಮಾಣ ಇನ್ನೂ ಏರುತ್ತದೆ.

ಒಂದು ಅಂದಾಜು ಲೆಕ್ಕ ನೋಡೋಣ. 10 ಎಕರೆ ಗ್ರಾಮಠಾಣದಲ್ಲಿ 100 ಮನೆ, 500 ಜನ. ಒಬ್ಬರಿಂದ ವರ್ಷಕ್ಕೆ ಸುಮಾರು 2.7 ಕೆ.ಜಿ. ಸಾರಜನಕದಂತೆ ಒಟ್ಟು 1,350 ಕೆ.ಜಿ. ಅದರಲ್ಲಿ ಕಾಲುಭಾಗ ಮಾತ್ರ ಅಂತರ್ಜಲಕ್ಕೆ ಇಳಿಯಿತೆಂದರೂ ಅದು ಸುಮಾರು 1,500 ಕೆ.ಜಿ. ನೈಟ್ರೇಟ್ ಆಗುತ್ತದೆ. ತಲಾ ದಿನಕ್ಕೆ 55 ಲೀಟರ್ ಬಳಕೆ ನೀರು ಪೂರ್ತಿ ಇಂಗಿತು, 800 ಮಿ.ಮೀ. ಮಳೆಯಲ್ಲಿ ಹತ್ತನೇ ಒಂದು ಭಾಗ ಇಂಗಿತು ಎಂದುಕೊಂಡರೆ, ಅದನ್ನು ತೆಳುಗೊಳಿಸಲು ಸಿಗುವ ನೀರು ಸುಮಾರು 1.33 ಕೋಟಿ ಲೀಟರ್. ಅಂದರೆ ಲೀಟರಿಗೆ 110 ಮಿಲಿಗ್ರಾಂಗೂ ಮೇಲೆ. ಮಿತಿಯ ಎರಡೂವರೆ ಪಟ್ಟು. ಇಲ್ಲಿ ಯಾವುದೇ ಒಂದು ಮನೆಯ ಗುಂಡಿ ತಪ್ಪಲ್ಲ; ನೂರು ಗುಂಡಿಗಳ ಒಟ್ಟು ಭಾರವೇ ತೊಂದರೆ.

ಇದು ಕಾಗದದ ಭಯವಲ್ಲ. ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶೌಚಗುಂಡಿಗಳ ಸೋರಿಕೆಯಿಂದ ಅಂತರ್ಜಲಕ್ಕೆ ನೈಟ್ರೇಟ್ ಸೇರಿದ್ದನ್ನು ದಾಖಲಿಸಿದ್ದಾರೆ. ಅಲ್ಲಿಯದೂ ನಮ್ಮಂಥದೇ ಗಟ್ಟಿಶಿಲೆಯ ನೆಲ.

ಹಾಗಾದರೆ ನಾವೇನು ಮಾಡಬಹುದು?

1. ಕಟ್ಟಡ ಪರವಾನಗಿ ಕಡತದಲ್ಲಿ ಇಂಗುವಿಕೆ ಪರೀಕ್ಷೆಯ ಫಲಿತಾಂಶ, ಬಂಡೆಯ ಆಳ ಹಾಗೂ ಸುತ್ತಲಿನ ನೀರಿನ ಮೂಲಗಳ ಅಂತರ ದಾಖಲಾಗಲಿ.

2. ಹೊಸ ಬಡಾವಣೆಗಳಲ್ಲಿ ನಿವೇಶನಕ್ಕೊಂದು ಗುಂಡಿಯ ಬದಲು ಸಾಮೂಹಿಕ ಶುದ್ಧೀಕರಣ ಘಟಕ ಕೇಳೋಣ. ಶುದ್ಧೀಕರಿಸಿದ ನೀರು ಮರಗಿಡಗಳಿಗೆ ಹೋದರೆ ಸಾರಜನಕ ಗೊಬ್ಬರವಾಗುತ್ತದೆ.

3. ಬತ್ತಿದ ಕೊಳವೆಬಾವಿಗೆ ಮಲಿನ ನೀರು ಬಿಡುವುದನ್ನು ಕೂಡಲೇ ನಿಲ್ಲಿಸಬೇಕು. ಮಣ್ಣಿನ ತಡೆಯೇ ಇಲ್ಲದೆ ವಿಷವನ್ನು ನೇರ ಬಿರುಕಿಗೆ ಸುರಿದಂತೆ ಅದು.

4. ಪ್ರತಿ ಮೂಲದ ನೀರನ್ನು ಮಳೆಗಾಲದ ಮುನ್ನ ಮತ್ತು ನಂತರ ಪರೀಕ್ಷಾ ಕಿಟ್‌ನಿಂದ ನೋಡಿ, ಸಂಶಯವಿದ್ದರೆ ಪ್ರಯೋಗಾಲಯಕ್ಕೆ ಕಳುಹಿಸೋಣ. 45 ಮೀರಿದ್ದರೆ ಶಿಶುಗಳಿರುವ ಮನೆಗಳಿಗೆ ಮೊದಲು ತಿಳಿಸಿ, ಬದಲಿ ನೀರು ಒದಗಿಸೋಣ.

5. ಟ್ಯಾಂಕಿನ ಹೂಳನ್ನು ಯಂತ್ರದಿಂದಲೇ ತೆಗೆಸಿ ಶುದ್ಧೀಕರಣ ಘಟಕಕ್ಕೆ ಕಳುಹಿಸಬೇಕು. ರಕ್ಷಣಾ ಸಾಧನ, ಸುರಕ್ಷತಾ ಕ್ರಮಗಳಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. 2015ರಲ್ಲಿಯೇ ಇಂತಹ ಘಟಕ ಆರಂಭಿಸಿದ ದೇವನಹಳ್ಳಿ ನಮ್ಮ ಜಿಲ್ಲೆಯದೇ. ಆದರೆ ನೆನಪಿರಲಿ: ಸಾರಜನಕದ ಬಹುಪಾಲು ನೀರಿನೊಂದಿಗೆ ಆಗಲೇ ಇಂಗಿರುತ್ತದೆ, ಹೂಳು ತೆಗೆದ ಮಾತ್ರಕ್ಕೆ ನೈಟ್ರೇಟ್ ತಪ್ಪದು.

ಸದಸ್ಯರೇ, ಅಂತರ್ಜಲದಿಂದ ನೈಟ್ರೇಟನ್ನು ತೆಗೆಯುವುದು ದುಬಾರಿ. ಸೇರದಂತೆ ತಡೆಯುವುದು ಒಂದು ಠರಾವಿನಿಂದ ಆರಂಭವಾಗಬಲ್ಲ ಕೆಲಸ. ಮುಂದಿನ ಸಾಮಾನ್ಯ ಸಭೆಯಲ್ಲಿ ಪರವಾನಗಿ ಅರ್ಜಿ ಬಂದಾಗ ಗುಂಡಿಯ ಅಳತೆಯ ಜೊತೆಗೆ ಅದರ ಕೆಳಗೆ ಏನಿದೆ, ಪಕ್ಕದಲ್ಲಿ ಇನ್ನೆಷ್ಟು ಗುಂಡಿಗಳಿವೆ ಎಂದು ದಯವಿಟ್ಟು ಕೇಳಿ.